ಕಾವಲಿಯ ಬಳಿ ನಿಂತವನ ಎಡಗಾಲು

ನೆರೂಳ,
9 ಜೂನ್ 2025

ದೊಡ್ಡಪ್ಪ, ನನ್ನ ಗೊಂಬೆಗಳಿಗೆ ಮೊದಲ ದೊಡ್ಡ ಕೆಲಸ ಸಿಕ್ಕಿದೆ, ಕೊಟ್ಟವರು ಬೇರೆ ಯಾರೂ ಅಲ್ಲ, ನನ್ನ ಮಾವನವರೇ, ಅದೂ ಮದುವೆಯಾಗಿ ಇನ್ನೂ ತಿಂಗಳು ತುಂಬುವ ಮೊದಲೇ!

ತೀರ್ಥರೂಪರು ಎಂದು ಶುರುಮಾಡಬೇಕಿತ್ತು, ಮರೆತೇಹೋಯಿತು. ನಮಸ್ಕಾರವನ್ನು ಇಲ್ಲಿ ನಡುವೆಯೇ ಮಾಡಿದ್ದೇನೆಂದು ತಿಳಿಯಿರಿ. ಡೊಂಬಿವಲಿಯ ಇಂಗ್ಲಿಷ್ ಶಾಲೆಯ ಹುಡುಗಿಗೆ ಇಷ್ಟು ಕನ್ನಡ ಬಂದದ್ದೇ ನೀವು ಉದ್ಯಾವರದಿಂದ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದ ಪತ್ರಗಳಿಂದ. ನಿಮ್ಮ ಕಿವಿಗೆ ಫೋನು ಆಗದಿರುವುದು ನನಗೆ ಲಾಭವೇ ಆಯಿತು. ನನ್ನ ಗೆಳತಿಯರಲ್ಲಿ ಅಂಚೆ ಡಬ್ಬಿ ಎಲ್ಲಿದೆ ಎಂದು ಗೊತ್ತಿರುವವಳು ನಾನೊಬ್ಬಳೇ.

ಮದುವೆಗೆ ನೀವು ಬರಲಿಲ್ಲವೆಂದು ಎರಡು ದಿನ ಮುನಿಸಿಕೊಂಡಿದ್ದೆ. ಮೊಣಕಾಲು ನೋವಿನಲ್ಲಿ ಅಷ್ಟು ದೂರದ ರೈಲು ಹೇಗೆ ಎಂದು ಅಪ್ಪ ಸಮಾಧಾನ ಮಾಡಿದರು. ಆ ಕಾಲಿಗೆ ಈಗಲೂ ಸೆಕೆಯಲ್ಲಿ ಕಾಲುಚೀಲ ಹಾಕುತ್ತೀರಾ? ಬೇಸಗೆ ರಜೆಯಲ್ಲಿ ಬಂದಾಗ ನಾವು ಮಕ್ಕಳೆಲ್ಲ ಅದನ್ನು ನೋಡಿ ಎಷ್ಟು ನಗುತ್ತಿದ್ದೆವು!

ಸುದರ್ಶನ ತುಂಬಾ ಒಳ್ಳೆಯವನು. ಗಂಡನನ್ನು 'ಅವನು' ಎನ್ನಬಾರದೆಂದು ಅತ್ತೆ ಹೇಳಿದ್ದಾರೆ, ಪತ್ರದಲ್ಲಿ ಮಾತ್ರ ಅವನು. ವಾಶಿಯ ಪ್ರದರ್ಶನದಲ್ಲಿ ನನ್ನ ಮೇಜಿನ ಮುಂದೆ ಒಂದು ಗಂಟೆ ನಿಂತು ಏನನ್ನೂ ಕೊಳ್ಳದೆ ಹೋಗಿದ್ದನಲ್ಲ, ಅವನೇ. ಮನೆ ಚೆನ್ನಾಗಿದೆ, ಒಂಬತ್ತನೇ ಮಹಡಿ, ಬಾಲ್ಕನಿಯಲ್ಲಿ ನನ್ನ ಕೆಲಸದ ಮೇಜು ಹಾಕಿಕೊಟ್ಟಿದ್ದಾರೆ. ಅತ್ತೆ ರಮಾಮಣಿಯವರು ಕಡಿಮೆ ಮಾತಿನವರು. ಮಾವ ಸಂಕರ್ಷಣ ರಾಯರು ಬೆಳಿಗ್ಗೆ ಏಳಕ್ಕೆಲ್ಲ ಠಾಣೆಯ ಹೋಟೆಲಿಗೆ ಹೊರಡುತ್ತಾರೆ. ಸ್ಟೇಷನ್ನಿನ ಹತ್ತಿರವೇ, 'ತುಳಸೀಪತ್ರ' ಎಂದು ಹೆಸರು. ಮೊದಲು ಬೇರೇನೋ ಇತ್ತಂತೆ.

ಈಗ ಕೆಲಸದ ವಿಷಯ. ಬರುವ ವಿಜಯದಶಮಿಗೆ ಹೋಟೆಲಿಗೆ ಐವತ್ತು ವರ್ಷ. ಹಳೇ ಕಟ್ಟಡವನ್ನು ಒಡೆದು ಕಟ್ಟಿದ್ದಾರೆ. ಆದರೆ 1990ರ ಒಂದು ಫೋಟೋ ಉಂಟು. ಆಗ ಹೇಗಿತ್ತೋ ಹಾಗೆಯೇ ಒಂದು ಪುಟ್ಟ ಮಾದರಿ ಮಾಡಿ ಗಾಜಿನ ಪೆಟ್ಟಿಗೆಯಲ್ಲಿ ಬಾಗಿಲ ಬಳಿ ಇಡಬೇಕು. ಕಟ್ಟಡವನ್ನು ಬೇರೆಯವರು ಮಾಡುತ್ತಾರೆ, ಒಳಗಿನ ನಲವತ್ತು ಜನ ನನ್ನವರು. ತೊಂದರೆ ಏನೆಂದರೆ, ನಮ್ಮ ಲೈನಿನಲ್ಲಿ ಸಿಗುವ ಗೊಂಬೆಗಳೆಲ್ಲ ಸೈನಿಕರು. ಟ್ಯಾಂಕು, ಜೀಪುಗಳ ಕಿಟ್ ಜೋಡಿಸುವ ಹವ್ಯಾಸದವರು ಅದರ ಪಕ್ಕ ನಿಲ್ಲಿಸಲಿಕ್ಕೆಂದು ಕೊಳ್ಳುವಂಥವು, ಹೆಬ್ಬೆರಳಿನ ಎತ್ತರದ, ಪ್ಲಾಸ್ಟಿಕ್ಕಿನಂಥ ರೆಸಿನ್ನಿನ ಗೊಂಬೆಗಳು. ಅವರ ಬಂದೂಕು ತೆಗೆದು ದೋಸೆ ತಟ್ಟೆ ಕೊಡಬೇಕು, ಬೂಟು ಕೆತ್ತಿ ಬರಿಗಾಲು ಮಾಡಬೇಕು, ಪ್ಯಾಂಟಿನ ಮೇಲೆ ಪುಟ್ಟಿ ಮೆತ್ತಿ ಪಂಚೆ ಉಡಿಸಬೇಕು. ಬಾಂಬು ಎಸೆಯಲು ಕೈ ಎತ್ತಿದವನೊಬ್ಬ ಸಿಕ್ಕಿದ್ದಾನೆ, ಅವನು ಎತ್ತಿ ಕಾಫಿ ಹೊಯ್ಯುತ್ತಾನೆ. ನಕಾಶೆ ನೋಡುವ ಅಧಿಕಾರಿ ಪೇಪರು ಓದುವ ಗಿರಾಕಿ. ನಗು ಬರುತ್ತದೆ ಅಲ್ಲವೇ?

ಎಲ್ಲವನ್ನೂ ಗರಗಸದಲ್ಲಿ ಕತ್ತರಿಸಿ, ಹಿತ್ತಾಳೆ ತಂತಿ ತೂರಿಸಿ, ಹೊಸದಾಗಿ ಜೋಡಿಸುತ್ತಿದ್ದೇನೆ. ಸುಲಭದ ದಾರಿ ಬೇರೆ ಉಂಟು. ಬಿಸಿನೀರಿನಲ್ಲಿ ಮುಳುಗಿಸಿದರೆ ರೆಸಿನ್ ಮೆತ್ತಗಾಗುತ್ತದೆ, ಬೇಕಾದ ಹಾಗೆ ಬಗ್ಗಿಸಬಹುದು. ಆದರೆ ಅಚ್ಚಿನಲ್ಲಿ ಹೇಗೆ ಹುಟ್ಟಿತೋ ಅದನ್ನು ಅದು ಮರೆಯುವುದಿಲ್ಲ. ಮತ್ತೆ ಬಿಸಿ ತಗುಲಿದರೆ ಹಳೇ ಭಂಗಿಗೆ ಹೋಗಿಬಿಡುತ್ತದೆ. ಕಲ್ಯಾಣದ ಜಯೇಶ್ ಎಂಬವರಿಗೆ ಹೀಗೆ ಒಬ್ಬನ ಕೈ ಬಗ್ಗಿಸಿ ಸೆಲ್ಯೂಟ್ ಹೊಡೆಸಿ ಕೊಟ್ಟಿದ್ದೆ. ಮೇ ತಿಂಗಳ ಬಿಸಿಲಿಗೆ ಕಿಟಕಿಯಲ್ಲಿಟ್ಟರು, ನಾಲ್ಕೇ ದಿನಕ್ಕೆ ಕೈ ಕೆಳಗೆ! ಅಂದಿನಿಂದ ನೀರಿನ ಕೆಲಸ ಬಿಟ್ಟಿದ್ದೇನೆ.

ಒಂದೇ ಒಂದು ಕಷ್ಟ. ಫೋಟೋದಲ್ಲಿ ದೋಸೆ ಹುಯ್ಯುವವನ ಜಾಗಕ್ಕೆ ಬಿಸಿಲು ಬಿದ್ದು ಬೆಳ್ಳಗಾಗಿದೆ, ಏನೂ ಕಾಣುವುದಿಲ್ಲ. ನೀವು ಪ್ರಾಯದಲ್ಲಿ ಮುಂಬಯಿ ಕಡೆ ಹೋಟೆಲಿನಲ್ಲಿದ್ದಿರಲ್ಲ? ಅಪ್ಪನನ್ನು ಕೇಳಿದರೆ ಹಳೇ ಕತೆ ಬಿಡು ಎನ್ನುತ್ತಾರೆ. ಆಗಿನ ಕಾಲದಲ್ಲಿ ಕಾವಲಿಯ ಮುಂದೆ ಹೇಗೆ ನಿಲ್ಲುತ್ತಿದ್ದರು, ಕೈಯಲ್ಲಿ ಏನಿರುತ್ತಿತ್ತು? ಬೇಗ ಬರೆಯಿರಿ.

ನಿಮ್ಮ ಅಪ್ಪಿ


ಉದ್ಯಾವರ,
19 ಜೂನ್ 2025

ಅಪ್ಪೀ,

ಆಶೀರ್ವಾದ. ಎರಡು ಕಡೆ ಒತ್ತಕ್ಷರ ತಪ್ಪಿದ್ದೀ. ಉಳಿದದ್ದು ಚೆನ್ನಾಗಿದೆ.

ದೋಸೆ ಹುಯ್ಯುವವನ ಬಲಗೈಯಲ್ಲಿ ಸೌಟು, ಎಡಗೈಯಲ್ಲಿ ಹಿಡಿಸೂಡಿ. ಕಾವಲಿಗೆ ನೀರು ಚಿಮುಕಿಸಿ ಗುಡಿಸುವುದಕ್ಕೆ ಗಿಡ್ಡ ಹಿಡಿಸೂಡಿಯೇ ಬೇಕು. ಒರೆಸಿಕೊಳ್ಳಲು ಹೆಗಲ ಮೇಲೆ ಬೈರಾಸು, ಬೆವರು ಹಿಟ್ಟಿಗೆ ಬೀಳಬಾರದು. ತಲೆ ತಗ್ಗಿಸಿ ನಿಲ್ಲುವವನು ಹೊಸಬ. ಪಳಗಿದವನು ಕಾವಲಿಯನ್ನು ನೋಡುವುದಿಲ್ಲ, ಬೀದಿಯನ್ನು ನೋಡುತ್ತಾನೆ. ದೋಸೆ ಬೆಂದದ್ದು ಅವನಿಗೆ ಶಬ್ದದಲ್ಲೇ ತಿಳಿಯುತ್ತದೆ.

ನಿನ್ನ ಗೊಂಬೆಯ ಭಾರವೆಲ್ಲ ಬಲಗಾಲಿನ ಮೇಲಿರಲಿ. ಎಡಮೊಣಕಾಲು ತುಸು ಮಡಚಿ, ಹಿಮ್ಮಡಿ ಎತ್ತಿ, ಬೆರಳ ತುದಿ ಮಾತ್ರ ನೆಲಕ್ಕೆ ತಾಗಬೇಕು. ಸೊಂಟವನ್ನು ಗೋಡೆಗೆ ಒರಗಿಸು. ಕಾವಲಿ ಬಾಗಿಲಿನ ಎಡಕ್ಕೆ, ರಸ್ತೆ ಕಡೆಯ ಕಿಟಕಿಯ ಕೆಳಗೆ.

ಇದನ್ನು ನಾನು ಹೇಳಿದೆನೆಂದು ನಿನ್ನ ಮಾವನವರಿಗೆ ಹೇಳಬೇಡ. ಹೋಟೆಲಿನವರಿಗೆ ಹೊರಗಿನವರ ಮಾತು ಹಿಡಿಸುವುದಿಲ್ಲ.

ಕಾಲುಚೀಲ ಈಗಲೂ ಹಾಕುತ್ತೇನೆ.

ಲಕ್ಷ್ಮೀಕಾಂತ


ನೆರೂಳ,
8 ಜುಲೈ 2025

ಪ್ರೀತಿಯ ದೊಡ್ಡಪ್ಪ,

ನಿಮ್ಮನ್ನು ಹುಡುಕಿಕೊಂಡು ಬಂದ ಹಾಗೆ ಒಬ್ಬ ಸಿಕ್ಕಿದ! ಪೆಟ್ಟಿಗೆಯಲ್ಲಿ ನಲವತ್ತು ಸೈನಿಕರಿದ್ದರಲ್ಲ, ಅವರಲ್ಲೊಬ್ಬ ಯುದ್ಧ ಸಾಕಾಗಿ ಟ್ಯಾಂಕಿಗೆ ಒರಗಿ ನಿಂತವನು. ಬಲಗಾಲಿನ ಮೇಲೆ ಭಾರ, ಎಡಹಿಮ್ಮಡಿ ಮೇಲಕ್ಕೆ, ಮೊಣಕಾಲು ತುಸು ಮಡಚಿ. ನೀವು ಬರೆದದ್ದನ್ನು ಯಾರೋ ಓದಿ ಅಚ್ಚು ಹೊಯ್ದಂತೆ. ಅವನ ಕಾಲನ್ನು ನಾನು ಮುಟ್ಟಲೇ ಇಲ್ಲ. ಸಿಗರೇಟು ಹಿಡಿದ ಕೈ ತೆಗೆದು ಸೌಟಿನ ಕೈ ಹಾಕಿದೆ, ಇನ್ನೊಂದು ಕೈಗೆ ಪೇಂಟ್ ಬ್ರಷ್ಷಿನ ಕೂದಲಿನಿಂದ ಹಿಡಿಸೂಡಿ. ತಲೆ ಬೇರೆ ಇಟ್ಟು ಬೀದಿ ಕಡೆ ತಿರುಗಿಸಿದೆ. ಹೇಳಿದರೆ ನಂಬುವುದಿಲ್ಲ, ನಲವತ್ತು ಜನರಲ್ಲಿ ಜೀವ ಇರುವವನು ಇವನೊಬ್ಬನೇ. ಬಾಕಿಯವರೆಲ್ಲ ಇನ್ನೂ ವೇಷ ಹಾಕಿದ ಸೈನಿಕರ ಹಾಗೆ ಕಾಣುತ್ತಾರೆ.

ಕಾವಲಿ ಬಾಗಿಲಿನ ಎಡಕ್ಕೆ ಎಂದು ನಿಮಗೆ ಹೇಗೆ ಗೊತ್ತಾಯಿತು? ಫೋಟೋದಲ್ಲಿ ಬೆಳ್ಳಗಾದ ಜಾಗವೂ ಎಡಕ್ಕೇ ಉಂಟು! ಎಲ್ಲ ಹೋಟೆಲುಗಳೂ ಒಂದೇ ನಮೂನೆ ಇರಬೇಕು.

ಮೊನ್ನೆ ಅತ್ತೆ ಬಾಲ್ಕನಿಗೆ ಬಟ್ಟೆ ಒಣಹಾಕಲು ಬಂದವರು ಅವನನ್ನು ನೋಡಿ ಹಾಗೇ ನಿಂತುಬಿಟ್ಟರು. ಕಣ್ಣು ಒದ್ದೆಯಾಗಿತ್ತು, ನನ್ನ ಬಣ್ಣದ ವಾಸನೆ ಅವರಿಗೆ ಆಗುವುದಿಲ್ಲ ಪಾಪ. ಆಮೇಲೆ, "ಪಂಚೆ ಇನ್ನೂ ಸ್ವಲ್ಪ ಮೇಲೆ ಕಟ್ಟು. ಎಡಪಾದಕ್ಕೆ ಬಟ್ಟೆ ತಾಗ್ಬಾರ್ದು" ಎಂದರು. ಎಷ್ಟು ಸೂಕ್ಷ್ಮ ದೃಷ್ಟಿ ನೋಡಿ! ಹಾಗೆ ಮಾಡಿದ ಮೇಲೆ ಇನ್ನೂ ಚಂದ ಆಯಿತು. ಹೋಗುವಾಗ, ಮಾವನಿಗೆ ಈಗಲೇ ತೋರಿಸಬೇಡ ಎಂದರು. ಕೊನೆಗೆ ಒಟ್ಟಿಗೆ ತೋರಿಸಿ ಬೆರಗುಗೊಳಿಸುವ ಯೋಚನೆ ಇರಬೇಕು. ನನಗೂ ಅದೇ ಸರಿ ಕಂಡಿತು.

ಸುದರ್ಶನ ಪೆಟ್ಟಿಗೆಯ ಕಬ್ಬಿಣದ ಚೌಕಟ್ಟಿಗೆಂದು ನನ್ನನ್ನು ಕಳಂಬೋಲಿಗೆ ಬೈಕಿನಲ್ಲಿ ಕರೆದುಕೊಂಡು ಹೋಗಿದ್ದ. ಮಳೆಯಲ್ಲಿ ನೆನೆದು, ಕಬ್ಬಿಣದ ಅಂಗಡಿಯ ತಗಡಿನ ಕೆಳಗೆ ನಿಂತು ವಡಾಪಾವ್ ತಿಂದೆವು. ನನಗೆ ಇದಕ್ಕಿಂತ ಹೆಚ್ಚು ಏನೂ ಬೇಡ ದೊಡ್ಡಪ್ಪ.

ಅಪ್ಪಿ


ಉದ್ಯಾವರ,
22 ಜುಲೈ 2025

ಅಪ್ಪೀ,

ನಿನ್ನ ಪತ್ರ ಓದಿ ಎರಡು ದಿನ ಉತ್ತರ ಬರೆಯಲು ಕೂರಲಿಲ್ಲ. ಇಲ್ಲಿ ಮಳೆ, ಗೋಡೆಗಳೆಲ್ಲ ತೇವ. ಅದು ಕಾರಣವಲ್ಲ.

ಆ ಕಾವಲಿಯನ್ನು ನಾನು ಬಲ್ಲೆ. ಆಗ ಹೋಟೆಲಿನ ಹೆಸರು 'ಸುದಾಮ ಲಂಚ್ ಹೋಮ್'. ಅಲ್ಲಿ ಹತ್ತೊಂಬತ್ತು ವರ್ಷ ನಿಂತವನೊಬ್ಬ ನನಗೆ ಗೊತ್ತು, ಈ ಊರಿನವನೇ. ಬಾಗಿಲು ತೆರೆದ ದಿನ ಮೊದಲ ದೋಸೆ ಹುಯ್ದವನು ಅವನು. ಎಡಗಾಲು ಆಮೇಲೆ ಹಾಗಾದದ್ದು. ಹೇಗೆಂದು ಕೇಳಬೇಡ. ನೀನು ಈಗ ಆ ಮನೆಯ ಹುಡುಗಿ, ಸುಖವಾಗಿದ್ದೀ, ಅದು ಹಾಗೇ ಇರಲಿ.

ಗೊಂಬೆಗೆ ಹೆಸರು ಹಾಕುವುದು ಬೇಡ. ಯಾರೆಂದು ಯಾರಿಗೂ ತಿಳಿಯುವುದೂ ಬೇಡ. ಆ ಮನುಷ್ಯ ಹೇಗಿದ್ದನೋ ಹಾಗೆ, ಬೀದಿಗೆ ಮುಖ ಮಾಡಿ, ಆ ಬಾಗಿಲಲ್ಲಿ ನಿಂತಿರಲಿ. ಅವನಿಗೆ ಅಷ್ಟು ಸಾಕು. ಹೇಗೆ ನಿಲ್ಲುತ್ತಿದ್ದೆ ಎಂದು ಅವನನ್ನು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ.

ಮುಗಿದ ಮೇಲೆ ಒಂದು ಫೋಟೋ ತೆಗೆಸಿ ಅಂಚೆಯಲ್ಲಿ ಕಳಿಸು. ದೊಡ್ಡದಾಗಿ ತೆಗೆಸು, ನನ್ನ ಕಣ್ಣೂ ಈಗ ಅಷ್ಟಕ್ಕಷ್ಟೆ.

ಲಕ್ಷ್ಮೀಕಾಂತ


ನೆರೂಳ,
25 ಆಗಸ್ಟ್ 2025

ಪ್ರೀತಿಯ ದೊಡ್ಡಪ್ಪ,

ಉತ್ತರ ತಡವಾಯಿತು, ಕ್ಷಮಿಸಿ. ಶ್ರಾವಣ, ವ್ರತಗಳು, ನೆಂಟರು, ಹೊಸ ಸೊಸೆಯನ್ನು ನೋಡಲು ಬರುವವರಿಗೆ ಲೆಕ್ಕವೇ ಇಲ್ಲ. ನಾನು ಚೆನ್ನಾಗಿದ್ದೇನೆ, ನಿಜವಾಗಿ ಚೆನ್ನಾಗಿದ್ದೇನೆ. ಮೂವತ್ತೊಂಬತ್ತು ಜನ ಸಿದ್ಧರಾಗಿದ್ದಾರೆ. ಕಾಫಿ ಹೊಯ್ಯುವವನನ್ನು ನೋಡಿ ಸುದರ್ಶನ ಅರ್ಧ ಗಂಟೆ ನಕ್ಕ.

ನಿಮ್ಮ ಸ್ನೇಹಿತರ ಗೊಂಬೆಯ ವಿಷಯ ಒಂದು ಸ್ವಲ್ಪ ಬದಲಾಗಿದೆ. ನೀವು ಬೇಸರ ಮಾಡಿಕೊಳ್ಳುವುದಿಲ್ಲವೆಂದು ನನಗೆ ಗೊತ್ತು. ಆದರೂ ಹೇಳಬೇಕಲ್ಲ.

ಹೋದ ಭಾನುವಾರ ಮಾವ ತಾವಾಗಿಯೇ ಬಾಲ್ಕನಿಗೆ ಬಂದರು. ಒಬ್ಬೊಬ್ಬರನ್ನೇ ಭೂತಗನ್ನಡಿಯಲ್ಲಿ ನೋಡಿದರು, ಖುಷಿಪಟ್ಟರು. ಇವನ ಹತ್ತಿರ ಬಂದವರು ಗಾಜು ಇಳಿಸಲೇ ಇಲ್ಲ.

"ಇದು ಯಾರು?"

"ಅಡುಗೆಯವ, ಮಾವ."

"ಅದು ಕಾಣ್ತದೆ. ಹೀಗೆ ನಿಲ್ಸು ಅಂತ ನಿಂಗೆ ಯಾರು ಹೇಳಿದ್ದು?"

ಹೇಳಬೇಡ ಎಂದು ನೀವು ಬರೆದಿದ್ದಿರಲ್ಲ. ಯಾರೂ ಹೇಳಲಿಲ್ಲ, ಅಚ್ಚಿನಲ್ಲೇ ಹಾಗೆ ಬಂದದ್ದು ಎಂದೆ. ಅದು ಸುಳ್ಳೂ ಅಲ್ಲ. ಅವರು ಒಳಗೆ ಅತ್ತೆಯ ಕಡೆ ನೋಡಿದರು. ಅತ್ತೆ ಬೀನ್ಸ್ ಮುರಿಯುತ್ತಿದ್ದರು, ತಲೆ ಎತ್ತಲಿಲ್ಲ.

"ಕಾಲು ನೆಟ್ಟಗೆ ಮಾಡು. ಬಾಗಿಲಲ್ಲಿ ಮೊದ್ಲು ಕಾಣುದೇ ಅವ. ಕುಂಟ ನಿಂತ್ರೆ ಜನ ಒಳಗೆ ಬರ್ತಾರಾ?"

ಅಷ್ಟು ಹೇಳಿ ಹೋದರು. ಬೈಯಲಿಲ್ಲ, ಧ್ವನಿಯನ್ನೂ ಏರಿಸಲಿಲ್ಲ. ಸಂಜೆ ಸುದರ್ಶನ ಬಂದು ಪಕ್ಕದಲ್ಲಿ ಕೂತ. ಒಂದು ಕಾಲಿನ ವಿಷಯ ಮಾರಾಯ್ತಿ, ಅಪ್ಪನ ಐವತ್ತು ವರ್ಷದ ಕೆಲಸ ಎಂದ. ಗೊಂಬೆಯ ಕೆಳಗೆ ಹಿತ್ತಾಳೆಯ ಪಟ್ಟಿ ಹಾಕಿಸುತ್ತಾರಂತೆ, 'ಮೊದಲ ದೋಸೆ: ಸಂಸ್ಥಾಪಕ ಸಂಕರ್ಷಣ ರಾಯರು' ಎಂದು. ಮೊದಲ ದೋಸೆ ನಿಮ್ಮ ಸ್ನೇಹಿತರದ್ದು ಎಂದು ನೀವು ಬರೆದದ್ದು ನನಗೆ ನೆನಪಾಯಿತು, ಆದರೆ ಐವತ್ತು ವರ್ಷದ ಹಿಂದಿನದ್ದು ಯಾರಿಗೆ ಸರಿಯಾಗಿ ನೆನಪಿರುತ್ತದೆ? ಇಬ್ಬರೂ ಸೇರಿ ಹುಯ್ದಿರಬಹುದು. ಹೊಸದಾಗಿ ಬಂದವಳು ನಾನು, ಇದಕ್ಕೆಲ್ಲ ವಾದ ಮಾಡಲೇ?

ಕತ್ತರಿಸಿ ತಂತಿ ಹಾಕಲು ಎರಡು ದಿನ ಬೇಕು, ಆಗಲೇ ಬಣ್ಣವೂ ಆಗಿತ್ತು. ನೀರು ಕಾಯಿಸಿದೆ. ಮೂರು ನಿಮಿಷ. ಕಾಲು ನೆಟ್ಟಗಾಯಿತು, ಮೊಣಕಾಲಿಗೆ ಬಣ್ಣ ಇನ್ನೊಮ್ಮೆ ಹಚ್ಚಿದೆ. ಪಾದ ನೆಲಕ್ಕೆ ಪೂರ್ತಿ ಊರಿದೆ. ಬಾಕಿ ಎಲ್ಲ ನೀವು ಹೇಳಿದ ಹಾಗೆಯೇ ಉಂಟು, ಹಿಡಿಸೂಡಿ, ಬೈರಾಸು, ಎಲ್ಲ.

ನಿಮ್ಮ ಸ್ನೇಹಿತರಿಗೆ ಇದನ್ನು ಹೇಳಲೇಬೇಕೆಂದಿಲ್ಲ. ಈಗ ಇದ್ದಾರೋ ಇಲ್ಲವೋ. ಇದ್ದರೂ ಅಷ್ಟು ದೂರದಿಂದ ಠಾಣೆಗೆ ಬಂದು ನೋಡುವುದಿಲ್ಲವಲ್ಲ. ಅವರಿಗೂ ಕಾಲು ಸರಿಯಾದ ಹಾಗೆ ಒಂದು ಗೊಂಬೆ ಇದ್ದರೆ ಒಳ್ಳೆಯದೇ ಅನ್ನಿಸಬಹುದು.

ಫೋಟೋ ಕಳಿಸುತ್ತಿದ್ದೇನೆ. ದೊಡ್ಡದು ಮಾಡಿಸಿದ್ದೇನೆ.

ಅಪ್ಪಿ


ಉದ್ಯಾವರ,
5 ಸೆಪ್ಟೆಂಬರ್ 2025

ಚಿ. ಸೌ. ಅಪರ್ಣಾ ಸುದರ್ಶನ ರಾವ್ ಅವರಿಗೆ,

ಫೋಟೋ ತಲುಪಿತು. ಇದರೊಂದಿಗೇ ವಾಪಸು ಕಳಿಸಿದ್ದೇನೆ.

ನನ್ನ ಸ್ನೇಹಿತ ಸತ್ತಿಲ್ಲ. ಬೆಳಿಗ್ಗೆ ಎದ್ದು ಗಂಜಿ ಉಂಡು ಈ ಪತ್ರ ಬರೆಯುತ್ತಿದ್ದಾನೆ.

ಸಂಕರ್ಷಣನೂ ನಾನೂ ಒಂದೇ ಬಸ್ಸಿನಲ್ಲಿ ಊರು ಬಿಟ್ಟವರು. ಜಾಗ ಅವನ ಅಪ್ಪ ಕೊಡಿಸಿದ್ದು, ಅವನು ಗಲ್ಲಾದಲ್ಲಿ ಕೂತ. ಕೈ ನನ್ನದು, ನಾನು ಕಾವಲಿಯಲ್ಲಿ ನಿಂತೆ. ಅವನಿಗೆ ದೋಸೆ ತಿರುವಿಹಾಕಲೂ ಬರುತ್ತಿರಲಿಲ್ಲ, ನಿನ್ನ ಅತ್ತೆಯನ್ನು ಕೇಳು. 1986ರಲ್ಲಿ ಸಾಂಬಾರಿನ ಒಲೆಯ ಕಾಲು ಸಡಿಲವಾಗಿತ್ತು. ಮೂರು ಸಲ ಹೇಳಿದೆ. ಚೌತಿ ಮುಗಿಯಲಿ, ದಸರಾ ಮುಗಿಯಲಿ ಎಂದ. ದಸರಾಕ್ಕೆ ಮೊದಲು ಹಂಡೆ ನನ್ನ ಎಡಪಾದದ ಮೇಲೆ ಮಗುಚಿತು. ನಲವತ್ತು ದಿನದಲ್ಲಿ ಮತ್ತೆ ಬಂದು ನಿಂತೆ, ಬಲಗಾಲಿನ ಮೇಲೆ, ಗೋಡೆಗೆ ಒರಗಿ. ಬಟ್ಟೆ ತಾಗಿದರೆ ಉರಿಯುತ್ತಿತ್ತು. ನಿನ್ನ ಅತ್ತೆ ಮನೆಯಿಂದ ಬೆಣ್ಣೆ ಕಳಿಸುತ್ತಿದ್ದರು, ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಎಂಟು ವರ್ಷ ಹಾಗೇ ನಿಂತು ಹುಯ್ದೆ. ದೋಸೆಗೆ ಜನ ಸಾಲು ನಿಲ್ಲುತ್ತಿದ್ದರು, ಯಾರೂ ನನ್ನ ಕಾಲು ನೋಡಿ ವಾಪಸು ಹೋದದ್ದಿಲ್ಲ.

ಒಂದು ಬೆಳಿಗ್ಗೆ ಕಾವಲಿಯಲ್ಲಿ ಬೇರೊಬ್ಬ ನಿಂತಿದ್ದ. ನೀನು ಒಳಗೆ ಪಾತ್ರೆ ಕಡೆ ಇರು ಎಂದ ಸಂಕರ್ಷಣ. ಯಾಕೆ ಎಂದೆ. "ಕುಂಟ ನಿಂತ್ರೆ ಜನ ಒಳಗೆ ಬರ್ತಾರಾ?" ನಿನ್ನ ಮಾವ ಮೊನ್ನೆ ನಿನಗೆ ಹೇಳಿದ್ದು ಹೊಸ ಮಾತಲ್ಲ ಮಗಾ. ಮೂವತ್ತೊಂದು ವರ್ಷ ಹಳೆಯದು. ಒಂದು ಅಕ್ಷರವೂ ಬದಲಾಗಿಲ್ಲ.

ನಿನ್ನ ಮದುವೆಗೆ ನಾನು ಬರಲಿಲ್ಲವೆಂದೆಯಲ್ಲ. ನನಗೆ ಮೊಣಕಾಲು ನೋವೇ ಇಲ್ಲ. ಅಣ್ಣ ಬರಬಾರದು, ಬಂದರೆ ಆ ಕಡೆಯವರು ಒಪ್ಪುವುದಿಲ್ಲ ಎಂದು ನಿನ್ನ ಅಪ್ಪ ಮಧ್ವೇಶ ಪತ್ರ ಬರೆದಿದ್ದ. ಒಪ್ಪಿಕೊಂಡೆ. ನೀನು ಬಯಸಿದ ಹುಡುಗ. ಅದರ ಬಗ್ಗೆ ನನಗೆ ದುಃಖವಿಲ್ಲ, ಒಪ್ಪಿದ್ದು ನಾನೇ. ಆದರೆ ಈ ಕಾಲಿನ ವಿಷಯ ಯಾರೂ ನನ್ನನ್ನು ಕೇಳಲಿಲ್ಲ. ನನ್ನ ಕಾಲನ್ನು ಒಮ್ಮೆ ಅವನು ಒಳಗೆ ಕಳಿಸಿದ, ಇನ್ನೊಮ್ಮೆ ನೀನು ನೀರು ಕಾಯಿಸಿ ಅಳಿಸಿದೆ. ಅವನಿಗೆ ಹೋಟೆಲು ನಡೆಸುವ ಅವಸರವಿತ್ತು. ನಿನಗೆ ಮೂರು ನಿಮಿಷದ ಅವಸರ.

ನಿನ್ನ ಪತ್ರದಲ್ಲಿ ಈ ಸಲ ಒಂದೂ ತಪ್ಪಿಲ್ಲ. ತಿದ್ದಿ ಕಳಿಸಲು ನನ್ನಲ್ಲಿ ಏನೂ ಇಲ್ಲ. ಇನ್ನು ಬರೆಯುವ ಅಗತ್ಯವೂ ಇಲ್ಲ.

ಲಕ್ಷ್ಮೀಕಾಂತ


ನೆರೂಳ,
6 ಅಕ್ಟೋಬರ್ 2025

ದೊಡ್ಡಪ್ಪ,

ಬರೆಯಬೇಡ ಎಂದಿರಿ. ಇದೊಂದನ್ನು ಓದಿ. ಆಮೇಲೆ ನಿಮ್ಮಿಷ್ಟ.

ನಿಮ್ಮ ಪತ್ರ ಹನ್ನೊಂದನೇ ತಾರೀಕು ಸಿಕ್ಕಿತು. ಅದೇ ದಿನ ಡೊಂಬಿವಲಿಗೆ ಹೋಗಿ ಅಪ್ಪನ ಮುಂದೆ ಇಟ್ಟೆ. ಅಪ್ಪ ಓದಿ ಮಡಚಿ ನನ್ನ ಕೈಗೇ ಕೊಟ್ಟರು. "ನಿಂಗೆ ಆ ಹುಡುಗ ಬೇಕಿತ್ತು. ಅವ್ರಿಗೆ ಅಣ್ಣ ಬೇಡ ಇತ್ತು. ನಾನು ಎಂತ ಮಾಡ್ಲಿ, ಹೇಳು?" ಅಂದರು. ಅಮ್ಮ ಚಹಾ ತಂದರು, ಕುಡಿದು ಬಂದೆ.

ಈಗ ಬರೆಯುವುದನ್ನು ಸರಿಯಾಗಿ ಓದಬೇಕು ನೀವು, ಯಾಕೆಂದರೆ ಬೇರೆ ಯಾರಾದರೂ ನಿಮಗೆ ಇದನ್ನು ಬೇರೆ ಥರ ಹೇಳಬಹುದು. ಹನ್ನೊಂದರಿಂದ ದಸರಾವರೆಗೆ ಇಪ್ಪತ್ತೊಂದು ದಿನ ಇತ್ತು. ನಿಮ್ಮ ಕಾಲನ್ನು ಮೊದಲಿನ ಹಾಗೆ ಮಾಡಿ, ಮತ್ತೆ ಯಾರೂ ನೆಟ್ಟಗೆ ಮಾಡದಂತೆ ತಂತಿ ಹಾಕಲು ನನಗೆ ಎರಡು ದಿನ ಸಾಕಿತ್ತು. ನಾನು ಮಾಡಲಿಲ್ಲ. ಗೊಂಬೆ ಮೇಜಿನ ಮೇಲೆಯೇ ಇತ್ತು, ದಿನವೂ ಅದರ ಪಕ್ಕ ಕೂತು ಬೇರೆ ಗಿರಾಕಿಗಳ ಗೊಂಬೆಗಳ ಕೆಲಸ ಮಾಡಿದೆ. ಮಾವನನ್ನು ಕೇಳಲಿಲ್ಲ. ಸುದರ್ಶನನಿಗೆ ನಿಮ್ಮ ಪತ್ರ ತೋರಿಸಲಿಲ್ಲ. ಹಿತ್ತಾಳೆ ಪಟ್ಟಿ ಬಂತು, ಅದನ್ನು ಅಂಟಿಸಿದ್ದೂ ನಾನೇ. ಹೆದರಿಕೆ ಎನ್ನಲೂ ಆಗುವುದಿಲ್ಲ, ಯಾರೂ ನನ್ನನ್ನು ಹೆದರಿಸಲಿಲ್ಲ. ನನ್ನ ಹೊಸ ಮನೆ ಚಂದ ಇತ್ತು, ಅದು ಚಂದವೇ ಇರಲಿ ಎಂದು ಆಸೆಯಾಯಿತು.

ವಿಜಯದಶಮಿಯ ದಿನ ಬೆಳಿಗ್ಗೆ ಪೂಜೆಯಾಗಿ ಗಾಜಿನ ಪೆಟ್ಟಿಗೆಯನ್ನು ಹೋಟೆಲಿನ ಬಾಗಿಲಲ್ಲಿ ಇಟ್ಟರು. ಕಾಣುವುದಿಲ್ಲವೆಂದು ಒಳಗೆ ಮೇಲಿನಿಂದ ನಾಲ್ಕು ಹ್ಯಾಲೊಜನ್ ದೀಪ ಹಾಕಿಸಿದ್ದರು, ಕೆಂಡದ ಹಾಗೆ ಕಾಯುವಂಥವು. ನನಗೆ ಅದನ್ನು ಹೇಳಿರಲಿಲ್ಲ. ನೋಡಿದ ಕೂಡಲೇ ನನಗೆ ಗೊತ್ತಾಯಿತು. ದೀಪ ಆರಿಸಿ ಎಂದು ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ. ಧೈರ್ಯದಿಂದ ಸುಮ್ಮನಿದ್ದೆನೋ, ಹೇಳಲು ಬಾಯಿ ಬರಲಿಲ್ಲವೋ, ನಾಲ್ಕು ದಿನ ಯೋಚಿಸಿದ್ದೇನೆ, ಗೊತ್ತಾಗುತ್ತಿಲ್ಲ. ನೀವು ಮೊದಲಿನದೆಂದು ತಿಳಿಯುವುದು ಬೇಡ.

ತಂತಿ ಹಾಕಿದ ಮೂವತ್ತೊಂಬತ್ತು ಜನ ಅಲ್ಲಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಿಮ್ಮ ಹಿಮ್ಮಡಿ ನೆಲದಿಂದ ಎದ್ದಿತ್ತು. ಊಟದ ಪಂಕ್ತಿ ಮುಗಿಯುವಾಗ ಮೊಣಕಾಲು ಮಡಚಿ, ಬಣ್ಣ ಬಿರಿದು ಒಳಗಿನ ಬೂದು ರೆಸಿನ್ ಕಾಣಿಸುತ್ತಿತ್ತು, ಸೊಂಟ ಗೋಡೆಗೆ ತಾಗಿತ್ತು. ಹಳೇ ಗಿರಾಕಿಯೊಬ್ಬರು, ಬಿಳಿ ಟೋಪಿಯ ಮರಾಠಿ ಅಜ್ಜ, ಪೆಟ್ಟಿಗೆಯ ಮುಂದೆ ಬಗ್ಗಿ ನೋಡಿ ಹಿಂದೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಅರೆ, ಹಾ ತರ್ ಆಪ್ಲಾ ಲಕ್ಷ್ಮೀಕಾಂತ ಅಣ್ಣಾ!"

ಇವನು ನಮ್ಮ ಲಕ್ಷ್ಮೀಕಾಂತ ಅಣ್ಣ ಎಂದು. ಇನ್ನಿಬ್ಬರು ಮುದುಕರು ಬಂದರು, ಹೌದು ಹೌದು ಎಂದರು. ನಿಮ್ಮ ದೋಸೆಯ ಮಾತಾಡಿದರು. ಒಬ್ಬರು ಪಟ್ಟಿಯನ್ನು ಓದಿ ಮಾವನ ಮುಖ ನೋಡಿದರು. ಮಾವ ನಗುತ್ತ, ಹಾಂ, ಸ್ವಲ್ಪ ದಿನ ನಮ್ಮಲ್ಲಿ ಕೆಲಸಕ್ಕಿದ್ದ ಎಂದರು. ಐದೇ ನಿಮಿಷ, ದೊಡ್ಡಪ್ಪ. ಆಮೇಲೆ ಎಲ್ಲರೂ ಕಾಫಿ ಕುಡಿಯಲು ಹೋದರು. ಮಾವ ನನ್ನ ಹತ್ತಿರ ಬಂದು, "ತೆಗೆ ಅದನ್ನು" ಅಂದರು. ಇಕ್ಕಳದಲ್ಲಿ ತೆಗೆದೆ. ಈಗ ಕಾವಲಿಯ ಮುಂದೆ ಯಾರೂ ಇಲ್ಲ, ಹಿತ್ತಾಳೆ ಪಟ್ಟಿ ಹಾಗೇ ಉಂಟು. ಅದನ್ನು ಓದಿ ಖಾಲಿ ಜಾಗ ನೋಡುವವರಿಗೆ ಏನನ್ನಿಸುತ್ತದೋ ತಿಳಿಯದು. ಹೊಸ ಗೊಂಬೆ ಮಾಡು ಎಂದಿದ್ದಾರೆ. ನನ್ನ ಕೈ ಓಡುವುದಿಲ್ಲ ಎಂದೆ.

ಲೋಕಲ್ ರೈಲಿನಲ್ಲಿ ವಾಪಸು ಬರುವಾಗ ಸುದರ್ಶನ ಕೇಳಿದ, "ನೀನು ಬೇಕೂಂತಲೇ ಮಾಡಿದ್ದಾ?"

ಹೌದು ಎಂದೆ. ಸುಳ್ಳು. ನನ್ನ ಸೋಮಾರಿತನ ಮಾಡಿದ್ದನ್ನು ನನ್ನದೆಂದು ಹೇಳಿಕೊಂಡೆ. ಅವನು ನೆರೂಳ ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದ. ಮನೆಗೆ ಬಂದು ನಿಮ್ಮ ಪತ್ರ ಕೊಟ್ಟೆ. ಓದಿದ. ಮಡಚಿ ತನ್ನ ಜೇಬಿನಲ್ಲಿಟ್ಟುಕೊಂಡ, ನಾಲ್ಕು ದಿನವಾಯಿತು, ಇನ್ನೂ ವಾಪಸು ಕೊಟ್ಟಿಲ್ಲ. ಅವನು ಒಳ್ಳೆಯವನು ಎಂದು ಬರೆದಿದ್ದೆನಲ್ಲ, ಈಗಲೂ ಹಾಗೇ ಅನ್ನಿಸುತ್ತದೆ. ಆದರೆ ಅಷ್ಟೇ ಸಾಕಾಗುತ್ತದೆ ಎಂದು ಇನ್ನು ಅನ್ನಿಸುವುದಿಲ್ಲ.

ಸೆಕೆಯಲ್ಲಿ ಕಾಲುಚೀಲ ಎಂದು ನಗುತ್ತಿದ್ದೆವಲ್ಲ. ಯಾಕೆ ಒಬ್ಬರೂ ನಮಗೆ ಹೇಳಲಿಲ್ಲ?

ಗೊಂಬೆ ನನ್ನ ಹತ್ತಿರ ಉಂಟು. ಅತ್ತೆ ತಮ್ಮ ಕನ್ನಡಕದ ಪೆಟ್ಟಿಗೆ ತಂದುಕೊಟ್ಟರು, ಒಳಗೆ ಹತ್ತಿ ಹಾಕಿದ್ದಾರೆ. ಮೊಣಕಾಲಿನ ಬಣ್ಣ ಬಿರಿದದ್ದನ್ನು ನಾನು ಸರಿಮಾಡಿಲ್ಲ. ನೀವು ನೋಡಿ ಹೇಳಿದರೆ ಮಾಡುತ್ತೇನೆ. ಬೇಡವೆಂದರೆ ಅದನ್ನು ಅಲ್ಲಿಯೇ ನಿಮ್ಮ ಜಗಲಿಯಲ್ಲಿ ಇಟ್ಟು ಬರುತ್ತೇನೆ. ಕ್ಷಮಿಸಿ ಎಂದು ಬರೆದರೆ ನೀವು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕುತ್ತೀರಿ, ಅದಕ್ಕೆ ಬರೆಯುವುದಿಲ್ಲ.

ಇದು ನಮ್ಮ ಮೊದಲ ದೀಪಾವಳಿ. ಮಗಳು ಅಳಿಯ ಬರುತ್ತಾರೆಂದು ಅಮ್ಮ ಡೊಂಬಿವಲಿಯಲ್ಲಿ ಹಂಡೆ ತೊಳೆದಿಟ್ಟಿದ್ದಾರೆ. ನಾನು ಅಲ್ಲಿಗೆ ಹೋಗುವುದಿಲ್ಲ. ಪನವೇಲಿನಿಂದ ಎರಡು ಬರ್ತ್ ಮಾಡಿಸಿದ್ದೇನೆ. ಎರಡನೆಯದರಲ್ಲಿ ಸುದರ್ಶನ ಇರುತ್ತಾನೋ ಇಲ್ಲವೋ, ರೈಲು ಹೊರಟ ಮೇಲೆ ನನಗೂ ತಿಳಿಯುತ್ತದೆ. ನೀವು ಸ್ಟೇಷನ್ನಿಗೆ ಬರಬೇಕೆಂದಿಲ್ಲ, ಬಾಗಿಲು ತೆರೆಯಬೇಕೆಂದೂ ಇಲ್ಲ. ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಅಕ್ಟೋಬರ್ ಹದಿನೆಂಟು, ಶನಿವಾರ ಬೆಳಿಗ್ಗೆ ಉಡುಪಿಗೆ ಬರುವ ಮತ್ಸ್ಯಗಂಧಾ.